ಉಪ್ಪು ಹಾಕಿದ ಕೈ

ದೊಡ್ಡಳಿಯನಿಗೆ ಮಾಡಲು ಬರುತ್ತಿದ್ದದ್ದು ಒಂದೇ ಒಂದು ತಿಂಡಿ, ಸೊಪ್ಪು ಹಾಕಿದ ಅಣಬೆ ಟೋಸ್ಟ್. ಉಳಿದಂತೆ ಅವನು ವಾಚ್ ರಿಪೇರಿಯವನು. ಇವರು ನೀರು ಕಾಯಿಸಿದರೂ ತಳ ಹಿಡಿಯುತ್ತದೆ ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು. ಆದರೆ ಭಾನುವಾರ ಬೆಳಿಗ್ಗೆ ಒಲೆ ಅವನದು. ಅಣಬೆ ಹೆಚ್ಚಿ, ಉಪ್ಪು ಬೆರೆಸಿಟ್ಟು, ಅದು ನೀರು ಬಿಟ್ಟ ಮೇಲೆ ಬೆಣ್ಣೆ, ಬೆಳ್ಳುಳ್ಳಿಯ ಜೊತೆ ಮುಚ್ಚಿ ಬೇಯಿಸಿ, ಮನೆಯಲ್ಲಿದ್ದ ಸೊಪ್ಪು ಉದುರಿಸಿ, ರಸದ ಸಮೇತ ಸುಟ್ಟ ಬ್ರೆಡ್ಡಿನ ಮೇಲೆ ಸುರಿಯುತ್ತಿದ್ದ.

ಇಷ್ಟೆಲ್ಲ ಮಾಡುತ್ತಿದ್ದದ್ದು ಮಾವನಿಗಾಗಿ. ದೊಡ್ಡ ಮಗಳ ಮನೆಯಲ್ಲೇ ಇದ್ದ ಮಾವ ಹಳೆಯ ಬಡಗಿ, ಹೊಗಳಿಕೆಯಲ್ಲಿ ಕಡು ಜಿಪುಣ. ಬಾಗಿಲೋ ಮೇಜೋ ಮುಗಿದು ಮನಸ್ಸಿಗೆ ಒಪ್ಪಿದರೆ ಮಡಿಸಿದ ಬೆರಳಿನಿಂದ ಅದರ ಮೇಲೆ ಎರಡು ಸಲ ಟಕ್ ಟಕ್ ಎಂದು ಬಡಿಯುತ್ತಿದ್ದರು, ಅಷ್ಟೇ. ಬೇರೆಯವರ ಕೆಲಸಕ್ಕೆ ಅವರು ಹಾಗೆ ಬಡಿದದ್ದನ್ನು ಕಂಡವರಿರಲಿಲ್ಲ. ದೊಡ್ಡ ಮಗಳ ಮದುವೆಗೆ ಒಪ್ಪದ ಅವರು ಮೊದಲ ಮೂರು ವರ್ಷ ಈ ಅಳಿಯನೊಡನೆ ಮಾತೇ ಬಿಟ್ಟಿದ್ದರು. ಮಗಳು ಹೆರಿಗೆಗೆ ಆಸ್ಪತ್ರೆ ಸೇರಿದಾಗ ಮಾವ ಅಳಿಯ ಇಬ್ಬರೇ ಮನೆಯಲ್ಲಿ ಮುಖ ಊದಿಸಿಕೊಂಡು ಕೂತರು. ಹಸಿವು ತಡೆಯಲಾರದೆ ಇವನು ತನಗೆ ಬರುವ ಆ ಒಂದು ತಿಂಡಿ ಮಾಡಿದ. ಮುದುಕರು ಒಂದು ಚೂರೂ ಬಿಡದೆ ತಿಂದು, ತಟ್ಟೆಯ ಅಂಚಿಗೆ ಟಕ್ ಟಕ್ ಎಂದರು. ಅದಾಗಿ ಹನ್ನೊಂದು ವರ್ಷ. ಪ್ರತಿ ಭಾನುವಾರ ಆ ಸದ್ದು ಕೇಳದಿದ್ದರೆ ದೊಡ್ಡಳಿಯನಿಗೆ ವಾರ ಶುರುವಾದಂತೆಯೇ ಅಲ್ಲ.

ಅಷ್ಟರಲ್ಲಿ ಬಂದ ನೋಡಿ ಷಡ್ಡಕ! ನಾದಿನಿ ಮದುವೆಯಾಗಿದ್ದು ಒಬ್ಬ ಬೇಕರಿಯವನನ್ನು. ಆರಡಿ ಎತ್ತರ, ಬಿಳಿ ಹಲ್ಲು, ಯಾರ ಜೊತೆಗಾದರೂ ಎರಡು ನಿಮಿಷದಲ್ಲಿ ಬೆರೆತುಹೋಗುವ ಜಾತಿ. ಮೊದಲ ಭಾನುವಾರವೇ ಬಗಲಲ್ಲಿ ತಾನು ಸುಟ್ಟ ಬ್ರೆಡ್ಡು, ಕೈಯಲ್ಲಿ ಥೈಮ್ ಸೊಪ್ಪಿನ ಕುಂಡ ಹಿಡಿದು ಬಂದ. ಕುಂಡವನ್ನು ಬಾಲ್ಕನಿಯಲ್ಲಿಟ್ಟು, "ಅಣ್ಣ, ನೀವು ಕೂತ್ಕೊಳ್ಳಿ, ಇವತ್ತು ನಾನು ಮಾಡ್ತೀನಿ" ಎಂದು ನೇರ ಒಲೆಗೇ ಹೋದ. ಮಗುವಿನ ಮೂಗು ಒರೆಸಿದ ಹಾಗೆ ಒಂದೊಂದೇ ಅಣಬೆಯನ್ನು ಬಟ್ಟೆಯಲ್ಲಿ ಒರೆಸಿದ. ಕಾದ ಬಾಣಲೆಯಲ್ಲಿ ಬಿಡಿಬಿಡಿಯಾಗಿ ಹರಡಿ ಕೆಂಪಗೆ ಹುರಿದ.

"ಉಪ್ಪು ಯಾವಾಗ್ಲೂ ಕೊನೆಗೆ ಅಣ್ಣ. ಮೊದ್ಲೇ ಹಾಕಿದ್ರೆ ನೀರು ಬಿಟ್ಟು ಮೆತ್ತಗಾಗ್ಬಿಡುತ್ತೆ."

"ಅಪ್ಪ ಮಾಡೋದು ಮೆತ್ತಗೇ ಇರುತ್ತಲ್ಲ ಚಿಕ್ಕಪ್ಪಾ!" ಎಂದಳು ದೊಡ್ಡಳಿಯನ ಮಗಳು. ಹೆತ್ತ ಮಗಳು!

ದೊಡ್ಡಳಿಯನ ಹೊಟ್ಟೆಯಲ್ಲಿ ಕಿಚ್ಚು ಹತ್ತಿದ್ದು ಆಗ. ಟೋಸ್ಟ್ ಕಚ್ಚಿದರೆ ಪಕ್ಕದ ಮನೆಗೂ ಕೇಳುವಷ್ಟು ಗರಿಗರಿ. ಹೆಂಡತಿ ಎರಡು ತಿಂದಳು, ತೂಕ ಇಳಿಸಬೇಕೆಂದು ವ್ರತ ಹಿಡಿದವಳು. ಮಾವ ಮಾತ್ರ "ಚೆನ್ನಾಗಿದೆ" ಎಂದು ಸುಮ್ಮನಾದರು. ತಟ್ಟೆಗೆ ಬೆರಳು ತಾಗಲಿಲ್ಲ. ಆದರೆ ತಟ್ಟೆಯೇನೋ ಖಾಲಿಯಾಗಿತ್ತು. ಇವತ್ತಲ್ಲ ನಾಳೆ ಆ ಟಕ್ ಟಕ್ ಅವನ ಪಾಲಾಗುವುದು ಖಂಡಿತ ಎಂದು ಇವನಿಗೆ ಭಯ ಹುಟ್ಟಿತು.

ಅಲ್ಲಿಂದ ಎರಡು ತಿಂಗಳು ಭಾನುವಾರದ ಒಲೆ ಷಡ್ಡಕನ ಕೈಗೆ ಹೋಯಿತು. ದೊಡ್ಡಳಿಯ ಅಂಗಡಿಯಲ್ಲಿ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಗುಂಡುಸೂಜಿಯ ತಲೆಗಿಂತ ಚಿಕ್ಕ ಸ್ಕ್ರೂ ಬಿಗಿಯುತ್ತಲೂ ಅದನ್ನೇ ಯೋಚಿಸುತ್ತಿದ್ದ. ಊರಿಗೆಲ್ಲ ಬ್ರೆಡ್ಡು ಸುಡುವವನಿಗೆ ನನ್ನ ಮನೆಯ ಒಂದು ಬಾಣಲೆಯ ಮೇಲೇ ಯಾಕೆ ಕಣ್ಣು? ಪಾಪ, ಅವನು ಒಳ್ಳೆಯವನೇ. ಅದೇ ಇನ್ನಷ್ಟು ಉರಿಸುತ್ತಿತ್ತು. ಸೋಮವಾರ ಬಟ್ಟೆ ಒಗೆಯುವಾಗ ಹೆಂಡತಿ, "ಅಪ್ಪನ ಶರ್ಟಿನ ಜೇಬಲ್ಲಿ ಇದೇನು ಬರೀ ಬ್ರೆಡ್ ಪುಡಿ?" ಎಂದು ಗೊಣಗಿದ್ದು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಹೊಟ್ಟೆ ಉರಿಯುವವನ ಕಿವಿಗೆ ಬೇರೇನು ಕೇಳೀತು?

ಒಂಬತ್ತನೆಯ ಭಾನುವಾರ ಚಿಕ್ಕಳಿಯ ಅಣಬೆ ಹೆಚ್ಚಿ ಬಟ್ಟಲಿಗೆ ಹಾಕಿ, ಸೊಪ್ಪು ಕೀಳಲು ಬಾಲ್ಕನಿಗೆ ಹೋದ. ಹೋದವನು ದೊಡ್ಡಳಿಯನ ಮಗಳ ಜೊತೆ ಹರಟೆಗೆ ನಿಂತ. ಅಡುಗೆಮನೆಯಲ್ಲಿ ದೊಡ್ಡಳಿಯ ಒಬ್ಬನೇ. ಉಪ್ಪಿನ ಡಬ್ಬಿ ಕೈಯಳತೆಯಲ್ಲಿತ್ತು. ಕೆಡಲಿ, ಒಂದೇ ಒಂದು ಸಲ ಅವನ ಮರ್ಯಾದೆ ಹೋಗಲಿ! ಮುಷ್ಟಿ ತುಂಬ ಸುರಿಯಬೇಕೆಂದೇ ಕೈ ಹಾಕಿದ್ದು. ಆದರೆ ಹನ್ನೊಂದು ವರ್ಷ ಅಳೆದ ಬೆರಳುಗಳು ತಮ್ಮ ಪಾಡಿಗೆ ಮೂರು ಚಿಟಿಕೆಗೆ ನಿಂತವು. ಬೆರೆಸಿ, ಏನೂ ಅರಿಯದವನಂತೆ ಹೊರಗೆ ಬಂದು ಪೇಪರ್ ಹಿಡಿದು ಕೂತ. ತಲೆಕೆಳಗಾಗಿ ಹಿಡಿದಿದ್ದೇನೆಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಹತ್ತು ನಿಮಿಷದ ಮೇಲೆ ಒಳಗಿಂದ ಹುರಿಯುವ ಸದ್ದಿನ ಬದಲು ಕೊತಕೊತ ಕುದಿಯುವ ಸದ್ದು. "ಯಾಕೋ ಇವತ್ತು ನೀರು ಬಿಡ್ತಿದೆಯಲ್ಲ" ಎಂದ ಚಿಕ್ಕಳಿಯ. ರುಚಿ ನೋಡಿ, ಉಪ್ಪಿಗೆ ಚಾಚಿದ ಕೈ ಹಿಂದಕ್ಕೆ ತೆಗೆದು, ಹಾಗೇ ಟೋಸ್ಟಿನ ಮೇಲೆ ಸುರಿದು ತಂದ. ಬ್ರೆಡ್ಡು ರಸ ಕುಡಿದು ಮೆತ್ತಗಾಗಿತ್ತು. ಹೆಂಡತಿ, ನಾದಿನಿ ಮುಖ ಮುಖ ನೋಡಿಕೊಂಡರು. ದೊಡ್ಡಳಿಯನಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ.

ಮಾವ ಒಂದು ತುತ್ತು ತಿಂದರು. ಇನ್ನೊಂದು ತಿಂದರು. ತಲೆ ಎತ್ತದೆ ತಟ್ಟೆ ಮುಗಿಸಿ, ಕೊನೆಯ ತುಂಡಿನಿಂದ ರಸ ಒರೆಸಿ ಬಾಯಿಗಿಟ್ಟರು. ಆಮೇಲೆ ಬೆರಳು ಮಡಿಸಿದರು.

ಟಕ್ ಟಕ್.

"ಈಗ ನೋಡಪ್ಪ ನಿನ್ನ ಕೈ ಕುದುರಿದ್ದು," ಎಂದರು ಚಿಕ್ಕಳಿಯನಿಗೆ. "ಇಷ್ಟು ದಿನ ಈ ಕಟ್ಟಿಸಿದ ಹಲ್ಲಲ್ಲಿ ಆ ಗಟ್ಟಿ ಬ್ರೆಡ್ಡು ಕಡಿಯೋಕಾಗ್ದೆ ಜೇಬಿಗೆ ಹಾಕ್ಕೋತಿದ್ದೆ. ಹೊಸ ಅಳಿಯ, ಹೇಗೆ ಹೇಳೋದು? ಇವತ್ತು ತಿಂದ ಹಾಗಾಯ್ತು."

ಚಿಕ್ಕಳಿಯ ಏನೂ ಅರ್ಥವಾಗದೆ ಬಿಳಿ ಹಲ್ಲು ಬಿಟ್ಟು ನಕ್ಕ. ದೊಡ್ಡಳಿಯನ ಮೈಯೆಲ್ಲ ಉರಿದುಹೋಯಿತು. ಬಾಯಿ ಮುಚ್ಚಿಕೊಂಡಿದ್ದರೆ ಮಾನ ಉಳಿಯುತ್ತಿತ್ತು, ಅದು ಅವನಿಗೂ ಗೊತ್ತಿತ್ತು. ಆದರೆ ಮಾನ ಯಾರಿಗೆ ಬೇಕಿತ್ತು?

"ಉಪ್ಪು ಹಾಕಿದ್ದು ನಾನು!" ಎಂದು ಎದ್ದು ನಿಂತ.

"ಏನಂದ್ರಿ?" ಎಂದಳು ಹೆಂಡತಿ.

"ಅವನು ಬಾಲ್ಕನಿಗೆ ಹೋದಾಗ ಕದ್ದು ಹಾಕ್ದೆ. ಕೆಡ್ಲಿ ಅಂತಾನೇ ಹಾಕ್ದೆ. ಏನ್ ಬೇಕಾದ್ರೂ ಅನ್ನಿ. ಆದ್ರೆ ಆ ಟಕ್ ಟಕ್ ನಂದು, ಅವನದಲ್ಲ!"

ನಾದಿನಿಯ ಮುಖ ಕೆಂಪಾಯಿತು. ಹೆಂಡತಿ ತಲೆ ತಗ್ಗಿಸಿದಳು. ಇನ್ನೊಂದು ವಾರ ಮನೆಯಲ್ಲಿ ಮಾತಿಲ್ಲವೆಂದು ದೊಡ್ಡಳಿಯನಿಗೆ ಆಗಲೇ ತಿಳಿಯಿತು. ಮಾವ ಖಾಲಿ ತಟ್ಟೆಯನ್ನು ಅವನತ್ತ ತಳ್ಳಿದರು.

"ಹಾಗಾದ್ರೆ ಇನ್ನೊಂದು ಮಾಡ್ಕೊಂಡು ಬಾ."

ಅವನು ಅಡುಗೆಮನೆಗೆ ಹೋಗಿ ಉಳಿದ ಅಣಬೆ ಹೆಚ್ಚತೊಡಗಿದ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು, ಎದೆ ಹಗುರವಾಗಿತ್ತು. ಹಿಂದೆಯೇ ಷಡ್ಡಕ ಬಂದು ನಿಂತ. ಬೈಯಲಿಲ್ಲ, ಪುಣ್ಯಾತ್ಮ. "ಅಣ್ಣ, ಉಪ್ಪು ಎಷ್ಟು ಹಾಕ್ತೀರಿ? ನಾನೂ ಕಲೀತೀನಿ, ಮಾವನಿಗೆ ಮಾಡಿಕೊಡ್ಬಹುದು" ಎಂದು ಬಟ್ಟಲಿನೊಳಗೆ ಇಣುಕಿದ.

ದೊಡ್ಡಳಿಯ ಬಟ್ಟಲಿಗೆ ಬೆನ್ನು ಅಡ್ಡ ಕೊಟ್ಟು ನಿಂತ.

"ನೀನು ಹೋಗಿ ಸೊಪ್ಪು ಕಿತ್ಕೊಂಡು ಬಾ" ಎಂದ. ಅವನು ಬಾಲ್ಕನಿಯ ಬಾಗಿಲು ದಾಟುವವರೆಗೂ ಉಪ್ಪಿನ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.