ಮಿಸುಕದ ಮರಿ

ನಾನು ಕಂಚಿನ ಗಂಗಾಳ. ಹುಟ್ಟಿದ್ದೇ ಏಟು ತಿನ್ನುತ್ತ. ಕಂಚುಗಾರ ಕಾದ ಲೋಹವನ್ನು ಬಡಿದು ಬಡಿದು ನನಗೊಂದು ಆಕಾರ ಕೊಟ್ಟ. ಊಟ ಬಡಿಸಿಕೊಳ್ಳುವುದಕ್ಕೆ ಹುಟ್ಟಿದ ನನಗೆ ಇಷ್ಟು ಹೊಡೆತ ಸಾಕು ಅಂದುಕೊಂಡಿದ್ದೆ. ಎಲ್ಲಿಯ ಸಾಕು!

ನಿಂಬೆವ್ವನ ಮದುವೆಯಲ್ಲಿ ತವರಿನವರು ನನ್ನನ್ನು ಅವಳ ಜೊತೆ ಕಳಿಸಿದರು. ಅವಳ ಗಂಡ ಲಗಮಪ್ಪ ಘಟಪ್ರಭಾ ದಂಡೆಯಲ್ಲಿ ಬೇಟೆನಾಯಿ ಸಾಕುವವನು. ಕೋಪ ಅವನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಕಬ್ಬಿಗೆ ನುಗ್ಗುವ ಹಂದಿಗಳನ್ನು ಅಡ್ಡಗಟ್ಟಲು ಸುತ್ತಲಿನವರು ಅವನ ನಾಯಿಗಳನ್ನೇ ಕರೆಸುತ್ತಿದ್ದರು. ಮನೆಗೆ ಸ್ಟೀಲಿನ ತಾಟುಗಳು ಬಂದ ಮೇಲೆ ನಾನು ನಾಯಿಗಳ ಪಾಲಾದೆ.

ಮರಿಗಳ ಐಬು ಹುಡುಕುವುದರಲ್ಲಿ ತನ್ನನ್ನು ಬಿಟ್ಟರಿಲ್ಲ ಎಂದು ಲಗಮಪ್ಪ ಕೊಚ್ಚಿಕೊಳ್ಳುತ್ತಿದ್ದ. ಕುಡಿದ ಹಾಲು ಮೂಗಿನಲ್ಲಿ ಬಂದರೆ ಬಾಯಿಯ ಅಂಗುಳು ಸೀಳಿದೆ ಎಂದೇ ಅರ್ಥ. ಅಂಥದ್ದನ್ನು ಅಂದೇ ನೀರಿನ ಬಾನಿಯಲ್ಲಿ ಅದ್ದಿ ಹಿಡಿದು, ಗುಳ್ಳೆ ನಿಂತ ಮೇಲೆ ಕೈ ತೆಗೆಯುತ್ತಿದ್ದ. ಉಳಿದವಕ್ಕೆ ತಿಂಗಳು ತುಂಬಿದಾಗ ಧೈರ್ಯದ ಪರೀಕ್ಷೆ. ಮಲಗಿದ ಮರಿಗಳ ಹಿಂದೆ ನನ್ನನ್ನು ಹಿಡಿದು ಕಬ್ಬಿಣದ ಸೌಟಿನಿಂದ ಬಾರಿಸುತ್ತಿದ್ದ. ಕುಂಯ್ ಎಂದು ಓಡಿದ್ದು ಪುಕ್ಕಲು. ಒಂದು ಸಲ ಬಿಳಿಯ ಮರಿಯೊಂದು ಮಿಸುಕಲೇ ಇಲ್ಲ. ಲಗಮಪ್ಪ ಮೀಸೆ ತಿರುವಿ, ಇದು ಹುಲಿ ಎಂದು ಸಾರಿ, ಅದಕ್ಕೆ ಸರ್ಜಾ ಎಂದು ಹೆಸರಿಟ್ಟ.

ಅನ್ನ ಹಾಕುವವಳಿಗೆ ಕಂಡದ್ದೇ ಬೇರೆ. ನಿಂಬೆವ್ವ ನನಗೆ ಅಂಬಲಿ ಸುರಿದ ಸದ್ದಿಗೆ ಉಳಿದ ಮರಿಗಳು ಹಾರಿ ಬರುತ್ತಿದ್ದವು. ಸರ್ಜಾ ಮಾತ್ರ ಅವು ತನ್ನನ್ನು ತುಳಿದುಕೊಂಡು ಓಡಿದ ಮೇಲೆ ಏಳುತ್ತಿತ್ತು. ಆಟದಲ್ಲಿ ಕಚ್ಚಿದರೆ ರಕ್ತ ಬರುವವರೆಗೂ ಬಿಡುತ್ತಿರಲಿಲ್ಲ; ಒಡಹುಟ್ಟಿದ್ದು ಚೀರಿದ್ದೂ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ನಿಂಬೆವ್ವ ಅದರ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿದಳು. ಕಿವಿ ಅಲುಗಲಿಲ್ಲ. ಅಯ್ಯೋ ಶಿವನೇ ಎಂದುಕೊಂಡು ಗಂಡನ ಬಳಿ ಹೋದಳು.

“ಇದಕ ಹುಟ್ಟಿದಾಗಿಂದ ಕಿವಿ ಕೇಳಂಗಿಲ್ಲರಿ. ಹಂದಿ ಮ್ಯಾಲ ಬಿಡಬ್ಯಾಡ್ರಿ, ಸಾಯತೈತಿ.”

ನಾಯಿ ನೋಡಲು ಬಂದಿದ್ದ ನಾಲ್ಕು ಜನರ ಮುಂದೆ ಹೆಂಡತಿ ತನ್ನ ಹುಲಿಗೆ ಐಬು ಹೇಳಿದಳಲ್ಲ! ಕೈಗೆ ಸಿಕ್ಕಿದ ನನ್ನನ್ನೇ ಎತ್ತಿ ಅವಳ ಹಣೆಗೆ ಅಪ್ಪಳಿಸಿದ. ಖಣ್ ಎಂದೆ. ಅವಳ ನೆತ್ತರು ನನ್ನ ಅಂಚಿನಿಂದ ಇಳಿಯಿತು. ತವರಿನಿಂದ ಅವಳ ಜೊತೆಗೇ ಬಂದ ನನ್ನಿಂದಲೇ ಇಂಥ ಕೆಲಸ ಆಗಬೇಕೆ? ಎಷ್ಟು ಬೂದಿ ಹಾಕಿ ತಿಕ್ಕಿದರೂ ಆ ಪಾಪ ಹೋಗಿಲ್ಲ.

ವರ್ಷ ತುಂಬಿದ ಸರ್ಜಾನನ್ನು ಲಗಮಪ್ಪ ಕಬ್ಬಿನ ಹೊಲಕ್ಕೆ ಕರೆದೊಯ್ದ. ಹಂದಿ ಎಬ್ಬಿಸಲು ಬಾರಿಸುವುದಕ್ಕೆ ನನ್ನನ್ನೂ ಒಯ್ದ. ನಾಯಿಗಳು ಹಂದಿಯನ್ನು ಕಚ್ಚಿ ನಿಲ್ಲಿಸಬೇಕು, ಸಿಳ್ಳು ಕೇಳಿದೊಡನೆ ಬಿಟ್ಟು ಸರಿಯಬೇಕು, ಆಗ ಭರ್ಜಿ ಎಸೆಯುವುದು. ಲಗಮಪ್ಪ ಸಿಳ್ಳು ಹಾಕಿದ. ಉಳಿದ ಮೂರು ನಾಯಿ ಸರಿದವು. ಸರ್ಜಾ ಹಂದಿಯ ಕಿವಿ ಕಚ್ಚಿಯೇ ಇತ್ತು. ಲಗಮಪ್ಪ ನನ್ನನ್ನು ಬಡಿದ, ಗಂಟಲು ಹರಿಯುವಂತೆ ಅರಚಿದ. ಹಂದಿ ಕೋರೆಯಿಂದ ಒಮ್ಮೆ ಮೇಲಕ್ಕೆ ಸೀಳಿತು. ಸರ್ಜಾನ ಕರುಳು ಕಬ್ಬಿನ ಒಣಗರಿಯ ರವದಿಯ ಮೇಲೆ ಬಿತ್ತು. ಹುಚ್ಚನಂತೆ ನುಗ್ಗಿದ ಲಗಮಪ್ಪ ನನ್ನಿಂದಲೇ ಹಂದಿಯ ಮೂತಿಗೆ ಜಪ್ಪಿದ. ನಾನು ಬಿರುಕು ಬಿಟ್ಟೆ. ಕೋರೆ ಅವನ ಮೊಣಕಾಲನ್ನು ಹರಿದುಹಾಕಿತು. ನಾಯಿ ಅವನ ಬಾಯಿಯನ್ನೇ ನೋಡುತ್ತ ಸತ್ತಿತು. ಮಗುವನ್ನು ಕಳೆದುಕೊಂಡವನಂತೆ ಅವನು ಅತ್ತ.

ಮುಂದಿನ ಸೂಲಿನ ಮರಿಗಳನ್ನು ಕುಂಟುತ್ತ ತಂದು ಹೆಂಡತಿಯ ಮುಂದೆ ಇಟ್ಟು, ನೀನೇ ನೋಡು ಅಂದ. ಅವಳು ಹಿಂದಿನಿಂದ ಚಪ್ಪಾಳೆ ತಟ್ಟಿದಳು. ಒಂದು ಮರಿ ತಿರುಗಲಿಲ್ಲ. ಲಗಮಪ್ಪ ಅದರ ಕತ್ತು ಹಿಡಿದೆತ್ತಿ ಬಾನಿಯ ಕಡೆ ನಡೆದ. ನಿಂಬೆವ್ವ ಅಡ್ಡ ನಿಂತಳು.

“ಐಬ ಇದ್ದದ್ದನ್ನ ಮುಳಗಸೂದಾದ್ರ ಮದಲ ನಿಮ್ಮ ಕಾಲ ನೋಡ್ಕೋರಿ. ಕುಂಟ ಆದ ಮ್ಯಾಲ ನಾ ನಿಮಗ ಎರಡ ಹೊತ್ತ ಕೂಳ ಹಾಕಿಲ್ಲೇನ್ರಿ?”

ಅವನು ಬಾನಿಯ ನೀರನ್ನೂ ತನ್ನ ಕುಂಟು ಕಾಲನ್ನೂ ನೋಡಿದ. ಆಮೇಲೆ ಮರಿಯನ್ನು ಅವಳ ಕೈಗೆ ಕೊಟ್ಟು ಹೊರಗೆ ಹೋದ.

ಈಗ ನಾನು ಕೊಟ್ಟಿಗೆಯ ಮೂಲೆಯಲ್ಲಿದ್ದೇನೆ. ಬಿರುಕು ಬಿಟ್ಟ ನನ್ನಿಂದ ಸದ್ದು ಹೊರಡದು. ಆ ಮರಿಗೆ ಸದ್ದು ಬೇಕಾಗಿಯೂ ಇಲ್ಲ. ನಿಂಬೆವ್ವ ನೆಲಕ್ಕೆ ಕಾಲು ಬಡಿದರೆ ಓಡಿ ಬಂದು ನನ್ನಲ್ಲೇ ತಿನ್ನುತ್ತದೆ. ಲಗಮಪ್ಪ ಈಚೆಗೆ ಯಾರ ಮೇಲೂ ಕೈ ಎತ್ತಿಲ್ಲ, ನಿಜ. ಆದರೂ ಅವನ ನೆರಳು ಬಿದ್ದರೆ ಮರಿ ಅವಳ ಸೀರೆಯ ಹಿಂದೆ ಸರಿಯುತ್ತದೆ. ಕಾಲಿದ್ದಿದ್ದರೆ ನಾನೂ ಸರಿಯುತ್ತಿದ್ದೆ.