ಮೂವತ್ತೇಳನೆಯ ಸ್ಲೈಡು

ಬಸ್ಸಿನಿಂದ ಇಳಿದಾಗ ಸರಿತಾಳ ಒಂದು ಹೆಗಲಿಗೆ ಲ್ಯಾಪ್‌ಟಾಪು, ಇನ್ನೊಂದಕ್ಕೆ ಪ್ರೊಜೆಕ್ಟರು, ಕೈಯಲ್ಲಿ ಬಿ.ಪಿ. ನೋಡುವ ಡಬ್ಬಿ. ಸಮುದಾಯ ಭವನ ಇನ್ನೂ ಅರ್ಧ ಮೈಲಿ ಇತ್ತು. ಬೀಳಗಿ ತಾಲ್ಲೂಕಿನ ಈ ಊರು ಪುನರ್ವಸತಿ ಕೇಂದ್ರ. ಹಳೆಯ ಊರು ಹಿನ್ನೀರಿನಲ್ಲಿ ಮುಳುಗಿ ಹತ್ತು ವರ್ಷ ದಾಟಿತ್ತು. ಹೊಸ ಊರಿಗೆ ಸರ್ಕಾರ ಅಗಲವಾದ ರಸ್ತೆಗಳನ್ನು ಕೊಟ್ಟಿತ್ತು, ನೆರಳು ಕೊಟ್ಟಿರಲಿಲ್ಲ. ಸರಿತಾ ತಲೆ ತಗ್ಗಿಸಿ ನಡೆದಳು.

ಆಕೆ ಗುತ್ತಿಗೆಯ ಮೇಲಿನ ನರ್ಸು. ಬಸುರಿಯರಿಗೆ ತಿಂಗಳಿಗೊಮ್ಮೆ ಹೆರಿಗೆಯ ಪಾಠ ಮಾಡುವ ಕೆಲಸ ಆಕೆಯ ಪಾಲಿಗೆ ಬಂದು ಎರಡೂವರೆ ವರ್ಷವಾಗಿತ್ತು. ಐದು ಊರು, ಒಂದೇ ಸಿ.ಡಿ. ಮೇಲಿನ ಆಫೀಸಿನವರು ಕಳಿಸಿ, ಸರಿತಾ ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದ ಆ ಸಿ.ಡಿ.ಯಲ್ಲಿ ಐವತ್ತೆಂಟು ಸ್ಲೈಡುಗಳಿದ್ದವು. ಒಂದನ್ನೂ ಬಿಡುವಂತಿಲ್ಲ, ಹಿಂದುಮುಂದು ಮಾಡುವಂತಿಲ್ಲ. ಮೊದಲ ಸ್ಲೈಡಿನ ಮುಂದೆ ಹೆಂಗಸರನ್ನು ಕೂರಿಸಿ ಒಂದು ಫೋಟೊ, ಕೊನೆಯದರ ಮುಂದೆ ಒಂದು ಫೋಟೊ ತೆಗೆದು ಕಳಿಸಿದರೆ ಆ ತಿಂಗಳ ಪಾಠ ಮುಗಿಯಿತು. ನಡುವೆ ಯಾರು ಏನು ಕಲಿತರು ಎಂದು ಯಾರೂ ಕೇಳಿರಲಿಲ್ಲ. ಮೊದಮೊದಲು ಸರಿತಾ ತನ್ನನ್ನು ತಾನೇ ಕೇಳಿಕೊಳ್ಳುತ್ತಿದ್ದಳು. ಆಮೇಲೆ ಬಿಟ್ಟಳು.

ಭವನದ ಕಿಟಕಿಗಳಿಗೆ ಆಶಾ ಕಾರ್ಯಕರ್ತೆ ರತ್ನಾಬಾಯಿ ಗೋಣಿಚೀಲ ಇಳಿಬಿಟ್ಟು ಕತ್ತಲು ಮಾಡಿದ್ದಳು. ಗೋಡೆಗೆ ಬಿಳಿ ಚಾದರ ಹೊಡೆದಿದ್ದಳು. ಜಮಖಾನೆಯ ಮೇಲೆ ಹದಿನಾಲ್ಕು ಬಸುರಿಯರು, ಅವರ ಹಿಂದೆ ಗೋಡೆಗೆ ಒರಗಿ ಅತ್ತೆಯರು.

"ಲಗೂನ ಮುಗಸ್ರಿ ಸಿಸ್ಟರ್, ಒಂದಕ್ಕ ಕರೆಂಟ್ ಹೊಕ್ಕತಿ," ಎಂದಳು ರತ್ನಾಬಾಯಿ.

ಸರಿತಾ ಮೊದಲ ಫೋಟೊ ತೆಗೆದು ಪಾಠ ಶುರು ಮಾಡಿದಳು. ಕಬ್ಬಿಣದ ಮಾತ್ರೆ, ಸೊಪ್ಪು, ಧನುರ್ವಾಯು ಚುಚ್ಚುಮದ್ದು. ಬಾಯಿ ತಾನಾಗಿ ಮಾತಾಡುತ್ತಿತ್ತು, ಬೆರಳು ತಾನಾಗಿ ಬಟನ್ ಒತ್ತುತ್ತಿತ್ತು. ಇಪ್ಪತ್ತೆರಡನೆಯ ಸ್ಲೈಡಿನಲ್ಲಿ ವಿದೇಶದ ಬಸುರಿಯೊಬ್ಬಳು ದೊಡ್ಡ ರಬ್ಬರ್ ಚೆಂಡಿನ ಮೇಲೆ ಕೂತಿದ್ದಳು; ಗಂಡ ಅವಳ ಬೆನ್ನು ನೀವುತ್ತಿದ್ದ.

"ಯವ್ವಾ, ಚೆಂಡಿನ ಮ್ಯಾಲ ಕುಂತಾಳ ನೋಡ ಬೇ, ಉಳ್ಳಿ ಬಿದ್ದಾಳು!"

"ಆಕಿ ಗಂಡನ್ನ ನೋಡಲೇ. ನಮ್ಮಾಂವ ಬೆನ್ನ ತಿಕ್ಕಿದ್ರ ಎತ್ತಿನ ಬೆನ್ನ ಅಷ್ಟ."

ಎಲ್ಲರೂ ನಕ್ಕರು. ಐದೂ ಊರುಗಳಲ್ಲಿ ಹೆಂಗಸರು ಈ ಸ್ಲೈಡಿಗೇ ನಗುತ್ತಿದ್ದರು. ನಗು ನಿಲ್ಲುವವರೆಗೆ ಕಾಯದೆ ಸರಿತಾ ಮುಂದಕ್ಕೆ ಒತ್ತಿದಳು.

ಮೂವತ್ತೇಳಕ್ಕೆ ಬರುವ ಹೊತ್ತಿಗೆ ಕರೆಂಟು ಹೋಯಿತು. ಐದು ನಿಮಿಷಕ್ಕೆ ವಾಪಸ್ಸು ಬಂತು, ಆದರೆ ಪ್ರೊಜೆಕ್ಟರು ಮತ್ತೆ ಕಣ್ಣು ಬಿಡಲು ಸಮಯ ಹಿಡಿಯಿತು. ಎಲ್ಲರೂ ಚಾದರವನ್ನೇ ನೋಡುತ್ತ ಕೂತರು. ಮೆಲ್ಲಗೆ ಬೆಳಕು ಮೂಡಿ, ಎರಡು ಬಿಳಿಯ ಬಾತ ಕಾಲುಗಳು ಕಾಣಿಸಿದವು. ಮೇಲೆ 'ಅಪಾಯದ ಚಿಹ್ನೆಗಳು' ಎಂದಿತ್ತು. ಯಾವುದೋ ದೇಶದ ಹೆಂಗಸಿನ ಕಾಲು. ಉಗುರಿಗೆ ಕೆಂಪು ಬಣ್ಣವಿತ್ತು, ಬೆರಳುಗಳು ಬರಿದಾಗಿದ್ದವು. ಬೇರೆ ದಿನಗಳಲ್ಲಿ ಈ ಸ್ಲೈಡು ಹತ್ತು ಸೆಕೆಂಡಿಗಿಂತ ಹೆಚ್ಚು ನಿಂತಿದ್ದೇ ಇಲ್ಲ.

"ಅಯ್ಯ, ಕಾಲುಂಗರ ಇಲ್ಲಲ್ಲ!" ಹಿಂದಿನಿಂದ ಯಾರೋ ಅಂದರು.

"ಗಂಡ ಸತ್ತಾಕಿ ಕಾಲಾ ಅವು?"

ಅತ್ತೆಯರ ಸಾಲಿನಿಂದ ತಂಗೆವ್ವ ಎದ್ದು ನಿಂತಳು. ಎತ್ತರದ ಹೆಂಗಸು, ಹಳೆಯ ಊರಿನಲ್ಲೂ ಹೊಸ ಊರಿನಲ್ಲೂ ಆಕೆಯ ಮಾತಿಗೆ ತೂಕವಿತ್ತು. "ನರ್ಸಬಾಯಿ, ಬಸರಿ ಹೆಣ್ಮಕ್ಕಳ ಮುಂದ ಇಂಥಾದ್ದ ತೋರಿಸ್ತಾರೇನ್ರಿ? ತಗೀರಿ ಮೊದಲ ಅದನ್ನ."

"ಅದು ಬ್ಯಾರೆ ದೇಶದ ಫೋಟೊ ಅಮ್ಮಾರ. ಅಲ್ಲಿ ಕಾಲುಂಗರ ಹಾಕೂದಿಲ್ಲ."

"ಹಾಕದಿದ್ರ ಅವ್ರ ಹಣೇಬಾರ. ನಮಗ್ಯಾಕ ಬೇಕ?"

ಇಬ್ಬರು ಅತ್ತೆಯರು ಸೊಸೆಯರ ರಟ್ಟೆ ಹಿಡಿದು ಎಬ್ಬಿಸತೊಡಗಿದ್ದರು. ಎದ್ದು ಹೋದರೆ ಕೊನೆಯ ಫೋಟೊಗೆ ಯಾರೂ ಇರುವುದಿಲ್ಲ ಎಂಬುದು ಸರಿತಾಳಿಗೆ ಮೊದಲು ಹೊಳೆದದ್ದು. ಕಾಲು ಬಾಯುವುದು ಅಪಾಯ ಎಂಬುದನ್ನು ಯಾರೂ ಕೇಳಿಸಿಕೊಂಡಿಲ್ಲ ಎಂಬುದು ಆಮೇಲೆ.

"ಹಂಗಾರ ಮುತ್ತೈದಿ ಕಾಲಽ ತೋರಿಸ್ತೀನಿ, ಕುಂದರ್ರಿ," ಎಂದಳು. "ಇಲ್ಲಿ ಯಾರ್ಯಾರಿಗೆ ಕಾಲ ಬಾತಾವು?"

ರತ್ನಾಬಾಯಿಯೇ ಎರಡನೆಯ ಸಾಲಿನ ಅಕ್ಷತಾಳ ಕಡೆ ಕೈ ಮಾಡಿದಳು. "ಈಕಿ ಚಪ್ಪಲಿ ಕಾಲಾಗ ಹೋಗವಲ್ದು ಅಂತಿದ್ಲಲ್ರಿ. ಬರಿಗಾಲಿಲೆ ಬಂದಾಳ."

ಅಕ್ಷತಾ ತಂಗೆವ್ವನ ಸೊಸೆ. ಇಪ್ಪತ್ತು ವರ್ಷ, ಚೊಚ್ಚಲು, ಒಂಬತ್ತನೆಯ ತಿಂಗಳು ಹಿಡಿದಿತ್ತು. ಬರುವ ಶುಕ್ರವಾರ ಸೀಮಂತದ ಕುಬಸ ಮುಗಿಸಿಕೊಂಡು ಲೋಕಾಪುರದ ತವರಿಗೆ ಹೋಗುವವಳಿದ್ದಳು. ಅವಳು ಅತ್ತೆಯ ಮುಖ ನೋಡಿದಳು.

"ತೋರಸ, ಅದರಾಗೇನೈತಿ," ಎಂದಳು ತಂಗೆವ್ವ. "ಬಸರಾದಾಗ ಯಾರ ಕಾಲ ಬಾಯೂದಿಲ್ಲ? ನನಗ ಮೂರೂ ಸಲ ಬಾತಿದ್ದವು."

ಅಕ್ಷತಾ ಸೀರೆಯೊಳಗಿಂದ ಕಾಲು ಚಾಚಿದಳು. ಸರಿತಾ ಮೊಬೈಲಿನಲ್ಲಿ ಫೋಟೊ ತೆಗೆದು, ಅದರ ಮೆಮೊರಿ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ, ಮೂವತ್ತೇಳನೆಯ ಸ್ಲೈಡಿನ ಮೇಲೆ ಇಟ್ಟಳು. ಕತ್ತಲಲ್ಲಿ ಆಕೆಗೂ ಕಾಲು ಸರಿಯಾಗಿ ಕಂಡಿರಲಿಲ್ಲ. ಕಂಡದ್ದು ಚಾದರದ ಮೇಲೆ.

ಒಂದೊಂದು ಕಾಲು ಆಳೆತ್ತರ. ಚರ್ಮ ಬಿಗಿದು ಮಿರಿಮಿರಿ ಹೊಳೆಯುತ್ತಿತ್ತು. ಎರಡನೆಯ ಬೆರಳಿನ ಕಾಲುಂಗುರ ಮಾಂಸದೊಳಗೆ ಇಳಿದುಹೋಗಿತ್ತು. ಬೆಳ್ಳಿ ಇದ್ದ ಕಡೆ ಒಂದು ಗೆರೆ ಮಾತ್ರ ಉಳಿದಿತ್ತು. ಬೆರಳ ತುದಿ ನೇರಳೆ ಬಣ್ಣಕ್ಕೆ ತಿರುಗಿತ್ತು.

ಯಾರೂ ನಗಲಿಲ್ಲ. ಸರಿತಾ ಅಕ್ಷತಾಳ ಪಕ್ಕ ಕೂತು ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದಳು. ನೂರಾ ಅರವತ್ತು, ನೂರಾ ಹತ್ತು. ಬಿಚ್ಚಿ ಮತ್ತೊಮ್ಮೆ ನೋಡಿದಳು. ಅಷ್ಟೇ ಇತ್ತು.

"ತಲಿ ನೋಯತೈತೇನ?"

"ಮೂರ ದಿನಾ ಆತ್ರಿ. ಕಣ್ಮುಂದ ಮಿಂಚಿನ ಹುಳಾ ಹಾರಿದಂಗ ಅಕ್ಕತಿ."

"ಯಾರಿಗೆ ಹೇಳಿದ್ದಿ?"

"ಅತ್ತಿ ದೃಷ್ಟಿ ತಗದ್ರು."

ಸರಿತಾ ತಂಗೆವ್ವನ ಹತ್ತಿರ ಹೋದಳು. "ಈಗಿಂದೀಗ ಬಾಗಲಕೋಟಿಗೆ ಒಯ್ಬೇಕ್ರಿ. ನೂರೆಂಟಕ್ಕ ಫೋನ್ ಮಾಡ್ತೀನಿ. ತಡಾ ಮಾಡಿದ್ರ ಫಿಟ್ಸ್ ಬರ್ತಾವ, ತಾಯಿ ಮಗು ಇಬ್ರೂ ಉಳಿಯೂದಿಲ್ಲ."

"ಶುಕ್ರವಾರ ಕುಬಸ ಐತಿ. ಬೀಗರು ಹಸರ ಸೀರಿ ತಂದಾರ, ಮಂದಿಗೆಲ್ಲಾ ಹೇಳೇತಿ. ಶನಿವಾರ ನಾನಽ ಕರಕೊಂಡ ಹೋಗ್ತೀನಿ."

"ಶನಿವಾರಮಟ ಆಗೂದಿಲ್ರಿ."

"ನಿಮ್ಮ ಮಷೀನ ದೊಡ್ಡದು ಮಾಡಿ ತೋರಿಸ್ತದ. ಇರುವಿ ತೋರಿಸಿದ್ರ ಆನಿ ಆದೀತು."

ಸರಿತಾ ಬೈಯಬಹುದಿತ್ತು, ಎರಡೂವರೆ ವರ್ಷದಲ್ಲಿ ಬೈದು ನೋಡಿದ್ದಳು. ಕೈ ಮುಗಿಯಬಹುದಿತ್ತು, ಅದನ್ನೂ ಮಾಡಿದ್ದಳು. ಆಕೆ ಲ್ಯಾಪ್‌ಟಾಪಿನ ಪಕ್ಕ ಹೋಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಮುಂದಿನ ಸ್ಲೈಡಿಗೆ ಒತ್ತಲಿಲ್ಲ.

ಕಾಲುಗಳು ಗೋಡೆಯ ಮೇಲೆ ಹಾಗೇ ನಿಂತವು. ಒಂದು ನಿಮಿಷ, ಎರಡು ನಿಮಿಷ. ಹೆಂಗಸರು ಮೊದಲು ಗುಸುಗುಸು ಅಂದರು, ಆಮೇಲೆ ಜೋರಾಗಿಯೇ ಅಂದರು.

"ತಂಗೆವ್ವಾ, ಬೆರಳ ಕರ್ರಗಾಗೇತಲ್ಲ."

"ಉಂಗರಽ ಕಾಣವಲ್ದು."

"ನಾಳೆ ಏನರ ಆದ್ರ ಬೀಗರು ಕೇಳೂದಿಲ್ಲನು, ಊರ ಮಂದಿ ನೋಡಿ ಸುಮ್ಮನಿದ್ರ್ಯಾ ಅಂತ?"

ಕೊನೆಯ ಮಾತು ಅಂದವಳು ತಂಗೆವ್ವನ ಓರಗಿತ್ತಿ ಸತ್ಯವ್ವ. ಅವರಿಬ್ಬರ ನಡುವೆ ಮಾತಿಲ್ಲದೆ ನಾಲ್ಕು ವರ್ಷವಾಗಿತ್ತು. ತಂಗೆವ್ವ ಆಕೆಯ ಕಡೆ ನೋಡಲಿಲ್ಲ. ಸೊಸೆಯ ಹತ್ತಿರ ಹೋಗಿ ಬಗ್ಗಿ, ಅವಳ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದಳು. ತಗ್ಗು ಬಿತ್ತು. ಬಿದ್ದ ತಗ್ಗು ಮೇಲೇಳಲಿಲ್ಲ.

"ಮಾಡ್ರಿ ಫೋನ್," ಎಂದಳು. "ಆದ್ರ ಕಾಲುಂಗರ ಯಾರೂ ಮುಟ್ಟಬಾರದು."

ಆಂಬುಲೆನ್ಸು ಬರಲು ನಲವತ್ತು ನಿಮಿಷ ಹಿಡಿಯಿತು. ತಂಗೆವ್ವ, ರತ್ನಾಬಾಯಿ ಜೊತೆಗೆ ಹೋದರು. ಉಳಿದವರನ್ನು ಸರಿತಾ ಮತ್ತೆ ಕೂರಿಸಿದಳು, ಒಂದು ಮಾತೂ ಆಡದೆ ಇಪ್ಪತ್ತೊಂದು ಸಲ ಬಟನ್ ಒತ್ತಿದಳು, ಐವತ್ತೆಂಟನೆಯದರ ಮುಂದೆ ಫೋಟೊ ತೆಗೆದಳು. ಅದರಲ್ಲಿ ಹದಿಮೂರು ಬಸುರಿಯರಿದ್ದರು. ಯಾರೂ ಎಣಿಸಲಿಲ್ಲ.

ಸಂಜೆ ರತ್ನಾಬಾಯಿ ಫೋನು ಮಾಡಿದಳು. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗಲೇ ಫಿಟ್ಸ್ ಬಂದಿತ್ತಂತೆ. ಅಲ್ಲೇ ಇದ್ದುದಕ್ಕೆ ಉಳಿದಳು ಅಂತ ಡಾಕ್ಟರು ಅಂದರಂತೆ. ಮರುದಿನ ಆಪರೇಷನ್ ಮಾಡಿ ಮಗು ತೆಗೆದರು. ಹೆಣ್ಣು, ಒಂದು ಕೇಜಿ ಏಳುನೂರು ಗ್ರಾಂ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಕಾಲುಂಗುರಗಳನ್ನು ಕತ್ತರಿಸಿ ತೆಗೆಯಬೇಕಾಯಿತು. ತಂಗೆವ್ವ ತುಂಡುಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಸೊಸೆಯ ಎರಡೂ ಬೆರಳುಗಳಿಗೆ ಅರಿಷಿಣದ ದಾರ ಕಟ್ಟಿದಳು. ಶುಕ್ರವಾರದ ಕುಬಸ ಆಗಲಿಲ್ಲ.

ಮುಂದಿನ ತಿಂಗಳು ಸರಿತಾ ಅದೇ ಭವನಕ್ಕೆ ಬಂದಾಗ ಕರೆಂಟು ಇರಲಿಲ್ಲ. ಹೆಂಗಸರು ಇನ್ನೂ ಕೂಡಿರಲಿಲ್ಲ. ಬಾಗಿಲಲ್ಲಿ ತಂಗೆವ್ವ ನಿಂತಿದ್ದಳು. ಥ್ಯಾಂಕ್ಸ್ ಹೇಳಲು ಬಂದಿರಬಹುದು ಎಂದು ಸರಿತಾಳಿಗೆ ಒಂದು ಗಳಿಗೆ ಅನ್ನಿಸಿತು.

"ಆ ಫೋಟೊ ಅಳಸ್ರಿ," ಎಂದಳು ತಂಗೆವ್ವ.

"ಯಾಕ್ರಿ? ನಾಕ ಮಂದಿಗೆ ಉಪಯೋಗ ಅಕ್ಕತಿ."

"ನೀವು ಉಳಿಸಿದ್ರಿ, ಇಲ್ಲ ಅನ್ನೂದಿಲ್ಲ. ಆದ್ರ ನಮ್ಮ ಮನಿ ಹುಡುಗಿ ಕಾಲ ಒಯ್ದು ಊರ ಮುಂದ ಗ್ವಾಡಿಗೆ ಹಚ್ಚಿದ್ರಿ. ನಾಳೆ ಆಕಿ ನೀರಿಗೆ ಹೊಂಟ್ರೂ ಮಂದಿ ಆಕಿ ಮಾರಿ ನೋಡೂದಿಲ್ಲ, ಕಾಲ ನೋಡ್ತಾರ."

ಅದು ಸುಳ್ಳಾಗಿರಲಿಲ್ಲ. ಬೇಕೆಂದೇ ತಾನು ಆ ಸ್ಲೈಡನ್ನು ಗೋಡೆಯ ಮೇಲೆ ಹಾಗೇ ಬಿಟ್ಟು ಕೂತದ್ದು ಸರಿತಾಳಿಗೆ ನೆನಪಿತ್ತು. ಲ್ಯಾಪ್‌ಟಾಪು ತೆರೆದು, ತಂಗೆವ್ವನ ಕಣ್ಣೆದುರಿಗೇ ಫೋಟೊ ಅಳಿಸಿದಳು. ಅದರ ಅಡಿಯಿಂದ ಬಿಳಿಯ ಕಾಲುಗಳು ಮತ್ತೆ ಎದ್ದವು, ಬರಿದಾದ ಬೆರಳುಗಳೊಂದಿಗೆ.

"ಮತ್ತ ಇವಽ ಏನ?" ತಂಗೆವ್ವ ಕೇಳಿದಳು.

"ಇವಽ. ಬ್ಯಾರೆ ಕಾಲ ಎಲ್ಲಿಂದ ತರ್ಲಿ?"

ಸರಿತಾ ಚಿತ್ರ ಬಿಡಿಸುವ ಪಟ್ಟಿ ತೆರೆದು, ಒಂದು ಮೊಟ್ಟೆಯಾಕಾರವನ್ನು ಎಳೆದು, ಬೂದುಬಣ್ಣ ಕೊಟ್ಟು, ಬಿಳಿಯ ಹೆಂಗಸಿನ ಎರಡನೆಯ ಬೆರಳಿಗೆ ತೊಡಿಸಿದಳು. ಇನ್ನೊಂದು ಕಾಲಿಗೂ ಒಂದು. ಮಕ್ಕಳು ಗೀಚಿದ ಹಾಗಿತ್ತು. ಮೇಲಿನವರಿಗೆ ಹೋಗುವುದು ಮೊದಲ ಮತ್ತು ಕೊನೆಯ ಸ್ಲೈಡಿನ ಫೋಟೊ ಮಾತ್ರ. ಇದನ್ನು ನೋಡುವವರು ಯಾರೂ ಇರಲಿಲ್ಲ.

ತಂಗೆವ್ವ ಹಿಂದಿನಿಂದ ಬಗ್ಗಿ ನೋಡಿದಳು. "ಹಂಗ ಸಡ್ಲ ಇರೂದಿಲ್ರಿ. ಬಾತಾಗ ಒಳಗ ಹೋಗಿರ್ತದ. ಒಳಗ ಮಾಡ್ರಿ."

ಸರಿತಾ ಮೊಟ್ಟೆಯಾಕಾರವನ್ನು ಚಪ್ಪಟೆ ಮಾಡುತ್ತ ಹೋದಳು. ಕೊನೆಗೆ ಒಂದು ಗೆರೆ ಉಳಿಯಿತು.

"ಹಾಂ," ಎಂದು ತಂಗೆವ್ವ ಗೋಡೆಗೆ ಒರಗಿ ಕೂತಳು.

ಹೆಂಗಸರು ಒಬ್ಬೊಬ್ಬರೇ ಒಳಗೆ ಬರತೊಡಗಿದರು. ಕರೆಂಟು ಬಂತು. ಸರಿತಾ ಮೊದಲ ಸ್ಲೈಡಿಗೆ ಹೋದಳು. ಮೂವತ್ತೇಳಕ್ಕೆ ಮುಟ್ಟಲು ಇನ್ನೂ ಮೂವತ್ತಾರು ಸಲ ಒತ್ತಬೇಕಿತ್ತು.