ಮಾವ ದೋಣಿ ಹತ್ತಿದ ದಿನ

ಅಮೃತಹಳ್ಳಿ ಕೆರೆಯಲ್ಲಿ ತಹಶೀಲ್ದಾರರ ಹೆಂಡತಿಯನ್ನೇ "ಕುಂತ್ಕಳ್ಳಿ ಅಮ್ಮಾವ್ರೆ, ನಿಂತಿದ್ರೆ ದೋಣಿ ಬಿಡಕ್ಕಿಲ್ಲ" ಎಂದು ಗದರಿಸಿದವಳು ದ್ರೌಪದಮ್ಮ. ದೊಡ್ಡವರಿಗೆ ಕೂತುಕೋ ಎಂದು ಹೇಳುವ ಎದೆಗಾರಿಕೆ ಆ ಊರಿನಲ್ಲಿ ಇನ್ನೊಬ್ಬ ಹೆಂಗಸಿಗೆ ಇರಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೂ ಅದು ನೀರಿನ ಮೇಲೆ ಮಾತ್ರ ಇತ್ತು. ಕೆರೆಯ ಏರಿ ಇಳಿದು ಊರೊಳಕ್ಕೆ ಕಾಲಿಟ್ಟಳೆಂದರೆ ಅವಳೂ ಎಲ್ಲರಂತೆ ಸೊಸೆ: ಸೆರಗು ತಲೆಯ ಮೇಲೆ, ಮಾತು ಗಂಟಲೊಳಗೆ.

ದೋಣಿ ಬಂದದ್ದು ಅವಳ ಗಂಡ ಮುನಿಆಂಜಿನಪ್ಪನ ಹುಚ್ಚಿನಿಂದ. ಅವನು ಮಿಲಿಟರಿಯಲ್ಲಿ ಹೊಳೆಗೆ ಸೇತುವೆ ಕಟ್ಟುವ ಪಡೆಯಲ್ಲಿದ್ದು ಬಂದವನು. ನೇಗಿಲು ಹಿಡಿದರೆ ಸಾಲು ಸೊಟ್ಟ, ದೋಣಿಯ ಹುಟ್ಟು ಹಿಡಿದರೆ ಮಾತ್ರ ನೆಟ್ಟಗೆ. ಹೆಬ್ಬಾಳದ ಹತ್ತಿರ ಬಂಗಲೆಯಲ್ಲಿದ್ದ ಇಂಗ್ಲಿಷ್ ದೊರೆಯೊಬ್ಬ ತನ್ನ ಸೀಮೆಗೆ ಹೊರಟಾಗ ಅವನ ದೋಣಿಯನ್ನು ಕೊಂಡು, ಎತ್ತಿನ ಗಾಡಿಗೆ ಹೇರಿ ತಂದ. ಹೊಳೆಯಿಲ್ಲದ ಊರಿಗೆ ದೋಣಿ ಬಂತೆಂದು ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬಡಗಿ ಅಕ್ಬರ್ ಪಾಷಾ ಸಂದುಗಳಿಗೆ ನಾರು ತುರುಕಿ ಡಾಂಬರು ಬಳಿದು ಕೊಟ್ಟ. ಆಮೇಲೆ ಭಾನುವಾರ ಬಂತೆಂದರೆ ಮಲ್ಲೇಶ್ವರದಿಂದ, ಯಶವಂತಪುರದಿಂದ ಸಂಸಾರಸಮೇತ ಜನ ಬುತ್ತಿ ಕಟ್ಟಿಕೊಂಡು ಬರತೊಡಗಿದರು. ಒಂದು ಸುತ್ತು ಕೆರೆ ನೋಡಿ, ಕೈ ಅದ್ದಿ ಮುಖಕ್ಕೆ ಚಿಮುಕಿಸಿಕೊಂಡು, ಕಾಶಿಗೆ ಹೋಗಿಬಂದವರ ಮುಖಮಾಡಿಕೊಂಡು ಇಳಿಯುತ್ತಿದ್ದರು. ನಗುತ್ತಿದ್ದ ಊರು ಬಾಯಿ ಮುಚ್ಚಿತು.

ಪೇಟೆಯ ಹೆಂಗಸರು ಪರಗಂಡಸಿನ ಕೈ ಹಿಡಿದು ದೋಣಿ ಹತ್ತುವುದಿಲ್ಲವಲ್ಲ, ಆ ಕೆಲಸ ದ್ರೌಪದಮ್ಮನಿಗೆ ಬಂತು. ಗಂಡ ಹೇಳಿಕೊಟ್ಟದ್ದನ್ನೆಲ್ಲ ಅವಳು ರಾಗಿ ಬೀಸುತ್ತ ಬಾಯಿಪಾಠ ಮಾಡಿಕೊಂಡಳು. ಒಬ್ಬರಾದ ಮೇಲೆ ಒಬ್ಬರು ಹತ್ತಬೇಕು. ಅಂಚಿನ ಮೇಲೆ ಕಾಲಿಡಬಾರದು, ನಡುವೆ ಇಡಬೇಕು, ಬಗ್ಗಿ ಇಡಬೇಕು. ಕೈ ಬರಿದಾಗಿರಬೇಕು, ಹಿಡಿದುಕೊಳ್ಳುವುದಕ್ಕೆ. ಭಾರ ಎರಡೂ ಕಡೆ ಸಮ ಇರಬೇಕು. ಮಕ್ಕಳಿರಲಿ ಮುದುಕರಿರಲಿ, ಗಾಳಿ ತುಂಬಿದ ಲಾರಿ ಟ್ಯೂಬು ಮೈಗೆ ಇರಬೇಕು. ದೋಣಿ ಮಗುಚಿದರೆ ದಡಕ್ಕೆ ಈಜಲು ಹೋಗದೆ ದೋಣಿಯನ್ನೇ ಹಿಡಿದುಕೊಂಡಿರಬೇಕು. ಎಲ್ಲಕ್ಕಿಂತ ಮೇಲಾಗಿ, ಕೂತವರು ಏಳಬಾರದು. "ಆಕಾಶ ಕಳಚಿ ಬಿದ್ರೂ ಏಳಬ್ಯಾಡಿ" ಎನ್ನುತ್ತಿದ್ದಳು. ಜನ ನಗುತ್ತಿದ್ದರು, ಆದರೆ ಏಳುತ್ತಿರಲಿಲ್ಲ.

ಇದೆಲ್ಲ ಮಾವ ಚಿಕ್ಕಬೈರಪ್ಪನವರ ಕಣ್ಣಿಗೆ ಕಿಸುರಾಗಿತ್ತು. ಅವರು ಊರಿಗೆ ಹಿರಿಯರು. ಅವರು ನಡುಮನೆಗೆ ಬಂದರೆ ಕೂತ ಹೆಂಗಸರು ಎದ್ದು ನಿಲ್ಲಬೇಕು, ಅವರು ದಾಟಿಹೋಗುವ ತನಕ ಕೂರುವ ಹಾಗಿಲ್ಲ. ರಾಗಿ ಕೇರುತ್ತಿದ್ದರೂ ಸರಿ, ಕೂಸಿಗೆ ಮೊಲೆಯೂಡಿಸುತ್ತಿದ್ದರೂ ಸರಿ. ಮದುವೆಯಾಗಿ ಬಂದ ಹೊಸತರಲ್ಲಿ ಒಮ್ಮೆ ದ್ರೌಪದಮ್ಮ ಸೊಪ್ಪು ಬಿಡಿಸುತ್ತ ಮೈಮರೆತು ಕೂತೇ ಇದ್ದಳು. ಮಾವ ಒಂದು ಮಾತೂ ಆಡಲಿಲ್ಲ, ಅಂದು ಊಟ ಮಾಡಲಿಲ್ಲ, ಅಷ್ಟೆ. ಮಾರನೆಯ ದಿನ ಅತ್ತೆ ಪಟಾಲಮ್ಮ ಶೆಟ್ಟಿಹಳ್ಳಿಯ ಅವಳ ತವರಿಗೇ ಹೋಗಿ "ಮಗಳಿಗೆ ಏನು ಕಲಿಸಿ ಕಳ್ಸಿದ್ದೀರಿ?" ಎಂದು ಕೇಳಿ ಬಂದಳು. ಅವಳ ಅಪ್ಪ ಬಂದು ಹಜಾರದಲ್ಲಿ ನಿಂತು ತಪ್ಪಾಯಿತೆಂದು ಕೈಮುಗಿದ. ಅಪ್ಪ ಕೈಮುಗಿದದ್ದನ್ನು ಕಂಡ ಮಗಳ ಕಾಲುಗಳಿಗೆ ಬೇರೆ ಪಾಠ ಬೇಕಾಗಲಿಲ್ಲ. ಅಂದಿನಿಂದ ಮಾವನ ಕೆಮ್ಮು ಬೀದಿಯಲ್ಲಿ ಕೇಳಿದರೆ ಸಾಕು, ಅವಳು ಎದ್ದಿರುತ್ತಿದ್ದಳು.

ಅರವತ್ತನಾಲ್ಕರ ಮಳೆಗಾಲದಲ್ಲಿ ಕೆರೆ ತುಂಬಿ ಕೋಡಿ ಬಿತ್ತು. ಕೋಡಿ ಬಿದ್ದ ವರ್ಷ ಊರ ಹಿರಿಯರು ಗಂಗಮ್ಮನಿಗೆ ಬಾಗಿನ ಬಿಡುವುದು ವಾಡಿಕೆ. ಚಿಕ್ಕಬೈರಪ್ಪನವರು ಅದೇ ಸಮಯಕ್ಕೆ ಕಾದಿದ್ದವರಂತೆ ಮಗನಿಗೆ ಹೇಳಿದರು: "ಮನೆ ಸೊಸೆ ದೋಣಿ ಮೇಲೆ ಕುಂತು ಊರೋರಿಗೆ ಹುಕುಂ ಮಾಡ್ತಾಳೆ ಅಂತ ಆಡ್ಕೋತಾವ್ರೆ. ಬಾಗಿನ ಆಗ್ಲಿ, ಆಮೇಲೆ ಆ ದೋಣಿನ ಒಡೆದು ಸೌದೆ ಮಾಡ್ಸು."

ಮುನಿಆಂಜಿನಪ್ಪ ಹೇಳಿದ, "ಒಂದ್ಸಲ ನೀವೇ ಅತ್ತಿ ನೋಡಿ ಅಪ್ಪಯ್ಯ. ಕೆರೆ ನಡುಮಧ್ಯಕ್ಕೇ ಕರ್ಕೊಂಡೋಗಿ ಬಾಗಿನ ಬಿಡಿಸ್ತೀನಿ. ಊರಲ್ಲಿ ಯಾರೂ ಅಂಗೆ ಬಿಟ್ಟಿಲ್ಲ."

ಯಾರೂ ಬಿಟ್ಟಿಲ್ಲ ಎಂಬ ಮಾತು ಮುದುಕರಿಗೆ ಬೆಲ್ಲದಂತೆ ರುಚಿಸಿತು. ಹೂಂ ಎಂದರು. ದ್ರೌಪದಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲದಷ್ಟು ಸಂತೋಷ. ಮಾವ ಒಮ್ಮೆ ನೀರಿನ ಮೇಲೆ ಹೋಗಿ ನಗುಮುಖದಿಂದ ಇಳಿದರೆ ದೋಣಿ ಉಳಿಯುತ್ತದೆ. ದೋಣಿ ಉಳಿದರೆ ವಾರಕ್ಕೊಂದು ದಿನ ಅವಳು ತಲೆಯೆತ್ತಿ ಬದುಕಬಹುದು. ಅವಳ ನಾಲ್ಕು ವರ್ಷದ ಮಗಳು ಸುಬ್ಬಿ, ಅಜ್ಜನೂ ಬರುತ್ತಾರೆಂದು ಬೀದಿಯಲ್ಲೆಲ್ಲ ಸಾರಿಕೊಂಡು ಬಂದಳು.

ದ್ರೌಪದಮ್ಮ ದಡ್ಡಿಯಲ್ಲ. ಮಾವ ಹತ್ತುವಾಗ ತಾನು ಕೂತಿದ್ದರೆ ಏನಾಗುತ್ತದೆಂದು ಮೊದಲೇ ಲೆಕ್ಕ ಹಾಕಿದ್ದಳು. ಗಂಡನನ್ನು ಹಿತ್ತಿಲಿಗೆ ಕರೆದು, "ಮಾವನ್ನ ಮೊದ್ಲು ಅತ್ಸಿ ಕುಂಡ್ರಿಸ್ಬಿಡಿ. ಅವ್ರು ಕುಂತ ಮೇಲೆ ನಾವು ಬತ್ತೀವಿ. ಆಗ ಯಾರೂ ಏಳೋ ಅಂಗೇ ಇರಕ್ಕಿಲ್ಲ" ಎಂದಳು. ಅವನು ಅದೇ ಸರಿ ಎಂದು ತಲೆಯಾಡಿಸಿದ.

ಬಾಗಿನದ ಬೆಳಿಗ್ಗೆ ಏರಿಯ ಮೇಲೆ ಊರಿಗೆ ಊರೇ ಸೇರಿತ್ತು. ಕೆಂಪಾಪುರದಿಂದಲೂ ಜನ ಬಂದಿದ್ದರು. ಅತ್ತೆ, ದ್ರೌಪದಮ್ಮ, ನಾದಿನಿ ಮುನಿಕೆಂಪಮ್ಮ ಮೂವರೂ ತಂಬಿಟ್ಟಿನ ಆರತಿಯ ತಟ್ಟೆ ಹೊತ್ತಿದ್ದರು. ಮುನಿಆಂಜಿನಪ್ಪ ಟ್ಯೂಬುಗಳನ್ನು ತಂದು ಮುಂದಿಟ್ಟ. ಮಾವ ಅವನ್ನು ಕೋಲಿನಿಂದ ತಳ್ಳಿದರು. "ರಬ್ಬರು ಸುತ್ಕಂಡು ಗಂಗಮ್ಮನ ತಾವ ಓಗೋದಾ? ತಗಿ ಅತ್ಲಾಗೆ." ಸುಬ್ಬಿಗೊಂದಾದರೂ ಇರಲಿ ಎಂದು ದ್ರೌಪದಮ್ಮ ಗಂಡನ ಮುಖ ನೋಡಿದಳು. ಅವನು ನೆಲ ನೋಡಿದ. ಟ್ಯೂಬುಗಳು ಏರಿಯ ಮೇಲೇ ಉಳಿದವು.

ಆಮೇಲೆ ಲೆಕ್ಕ ತಪ್ಪಿತು. ಮಾವ ಮೊದಲು ಹತ್ತಲೆಂದು ಮಗ ಕೈ ನೀಡಿದ. ಪಕ್ಕದ ಮನೆಯ ದೊಡ್ಡಮುನಿಯಪ್ಪ, ಇಂಥ ಕಡೆ ಮೂಗು ತೂರಿಸದಿದ್ದರೆ ಉಂಡ ಅನ್ನ ಅರಗದ ಮನುಷ್ಯ, ಅಡ್ಡ ಬಂದ. "ಅದೆಂಗಾದಾತು? ಆರತಿ ಹೊತ್ತ ಮುತ್ತೈದೇರು ಮುಂದೆ, ಗಂಡಸ್ರು ಹಿಂದೆ. ಗಂಗಮ್ಮಂಗೆ ದೀಪ ಮೊದ್ಲು." ಏರಿಯ ಮೇಲಿದ್ದವರೆಲ್ಲ ಹೌದು ಹೌದು ಎಂದರು. ಮಾವ ಹಿಂದೆ ಸರಿದು ನಿಂತರು. ಅಷ್ಟೂ ಜನರ ಮುಂದೆ ಅಪ್ಪನಿಗೆ ಎದುರಾಡಲಾರದೆ ಮುನಿಆಂಜಿನಪ್ಪ ದೋಣಿಯ ಹಗ್ಗ ಹಿಡಿದುಕೊಂಡ.

ಹೆಂಗಸರು ಒಬ್ಬೊಬ್ಬರಾಗಿ ಹತ್ತಿ ಕೂತರು. ಸುಬ್ಬಿ ಅಮ್ಮನ ಪಕ್ಕಕ್ಕೆ ಒತ್ತಿಕೊಂಡಳು. ದ್ರೌಪದಮ್ಮನ ಎರಡೂ ಕೈಯಲ್ಲಿ ತಟ್ಟೆ. ಮುನಿಆಂಜಿನಪ್ಪ ಕಲ್ಲುಮೆಟ್ಟಿಲಿನ ಮೇಲೆ ನಿಂತು ಹಗ್ಗ ಬಿಗಿದು ಹಿಡಿದಿದ್ದ. ಏರಿಯ ಪಕ್ಕದಲ್ಲೇ ಕೆರೆ ಹೆಚ್ಚು ಆಳ, ನೀರು ಬಿಡುವ ತೂಬು ಇರುವುದೂ ಅಲ್ಲೇ. ಏಳಬಾರದು, ಏಳಬಾರದು ಎಂದು ಅವಳು ಮನಸ್ಸಿನಲ್ಲೇ ಹೇಳಿಕೊಂಡಳು. ಮಾವನಿಗೂ ಹೇಳಬೇಕೆನಿಸಿತು: ಅಂಚಿನ ಮೇಲೆ ಕಾಲಿಡಬೇಡಿ, ನಡುವೆ ಇಡಿ ಎಂದು. ತಹಶೀಲ್ದಾರರ ಹೆಂಡತಿಗೆ ಹೇಳಿದ್ದ ಬಾಯಿ ಈಗ ಬರಲಿಲ್ಲ.

ಚಿಕ್ಕಬೈರಪ್ಪನವರು ಪಂಚೆ ಎತ್ತಿಕೊಂಡು, ತಮ್ಮ ಮನೆಯ ಹೊಸ್ತಿಲು ದಾಟುವ ಗತ್ತಿನಲ್ಲಿ, ಅಂಚಿನ ಮೇಲೆಯೇ ಕಾಲಿಟ್ಟರು.

"ಎದ್ದೇಳೇ, ಮಾವ ಬಂದ್ರು" ಎಂದಳು ಅತ್ತೆ, ತಾನೂ ಏಳುತ್ತ.

ದ್ರೌಪದಮ್ಮನ ತಲೆ ಬೇಡವೆಂದಿತು, ಕಾಲು ಕೇಳಲಿಲ್ಲ. ಮೂವರು ಹೆಂಗಸರೂ ತಟ್ಟೆ ಹಿಡಿದು ಎದ್ದು ನಿಂತರು. "ಅವ್ವಾ, ಕುಂ..." ಎಂದು ಮುನಿಆಂಜಿನಪ್ಪ ಕೂಗುವಷ್ಟರಲ್ಲಿ ದೋಣಿ ಒಂದು ಕಡೆಗೆ ವಾಲಿತು. ದೀಪಗಳು ಮೊದಲು ನೀರಿಗೆ ಬಿದ್ದವು, ಹಿಂದೆಯೇ ಜನ.

ನೀರೊಳಗೆ ಅವಳಿಗೆ ಕಲಿತದ್ದೆಲ್ಲ ನೆನಪಿಗೆ ಬಂತು. ಒಂದು ಕೈಯಲ್ಲಿ ಮಗುಚಿದ ದೋಣಿಯನ್ನು ಹಿಡಿದಳು, ಇನ್ನೊಂದು ಕೈಯಲ್ಲಿ ಮಗುವಿಗಾಗಿ ತಡಕಾಡಿದಳು. ಯಾರದೋ ಸೀರೆ ಸಿಕ್ಕಿತು, ತಟ್ಟೆ ಸಿಕ್ಕಿತು. "ಸುಬ್ಬಿ, ಸುಬ್ಬಿ" ಎಂದು ಅರಚಿದಳು. ಏರಿಯಿಂದ ಗಂಡಸರು ದುಡುದುಡನೆ ಧುಮುಕಿದರು. ಧುಮುಕಿದವರಲ್ಲಿ ಮುಕ್ಕಾಲು ಪಾಲು ಮಾವನ ಕಡೆಗೇ ಹೋದರು, ಊರ ಹಿರಿಯರಲ್ಲವೆ! "ಯಜಮಾನ್ರು, ಯಜಮಾನ್ರು" ಎಂದು ಕೂಗುತ್ತ ಅವರನ್ನು ಎತ್ತಿ ಮೆಟ್ಟಿಲ ಮೇಲೆ ಕೂರಿಸಿ ಬೆನ್ನು ತಟ್ಟಿದರು. ಅವರ ಮಗನೂ ಮೊದಲು ಹೋದದ್ದು ಅಲ್ಲಿಗೇ. ಆಮೇಲೆ ಅತ್ತೆಯನ್ನು, ನಾದಿನಿಯನ್ನು ಎಳೆದರು. ದೋಣಿಯ ಅಡಿಗೆ ಮುಳುಗಿ ಹುಡುಕಬೇಕೆಂದು ಹೊಳೆದದ್ದು ಅಕ್ಬರ್ ಪಾಷಾನೊಬ್ಬನಿಗೆ. ಅವನು ಸುಬ್ಬಿಯನ್ನು ಹೊರತಂದಾಗ ಹೊತ್ತು ಮೀರಿತ್ತು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಊರು ದೋಣಿ ಡೊಂಕು ಎಂದಿತು. ಹಲಗೆ ಸಡಿಲವಿತ್ತಂತೆ, ದೊರೆಯ ದೋಣಿಗೆ ದೋಷವಿತ್ತಂತೆ, ಪಾಷಾ ಬಳಿದ ಡಾಂಬರು ಸರಿಯಿರಲಿಲ್ಲವಂತೆ. ಮಗುವನ್ನು ಹೊರತೆಗೆದ ಮನುಷ್ಯನ ಮೇಲೆಯೇ ಈ ಮಾತು! ಮುನಿಆಂಜಿನಪ್ಪನೂ ಬಂದವರ ಮುಂದೆ "ಹಲಗೆ ಕೈಕೊಡ್ತು" ಎಂದೇ ಹೇಳಿದ. ದೋಣಿಗೆ ಕೊಡಲಿ ಹಾಕಿದ ದಿನ ದ್ರೌಪದಮ್ಮ ಹಿತ್ತಿಲಲ್ಲಿ ಅವನನ್ನು ಕೇಳಿದಳು, "ಹಲಗೆ ಸರಿ ಇರ್ನಿಲ್ವಾ?"

"ಇನ್ನೇನಂತ ಅನ್ನಲಿ? ಅಪ್ಪಯ್ಯನಿಂದ ಆಯ್ತು ಅನ್ಲಾ?"

"ನನ್ನಿಂದ ಆಯ್ತು ಅನ್ನಿ. ಎದ್ದೋಳು ನಾನು."

ಅವನು ಒಡೆದ ಸೌದೆಯನ್ನು ಕೊಟ್ಟಿಗೆಯ ಮೂಲೆಗೆ ಜೋಡಿಸತೊಡಗಿದ.

ಆದರೆ ಅವಳಿಂದ ಆಯಿತೆಂದು ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ಅವಳು ಹೇಗೋ ತಾಳಿಕೊಳ್ಳುತ್ತಿದ್ದಳು. ಅವರು ಹೊಗಳಿದರು. ಶೆಟ್ಟಿಹಳ್ಳಿಯಿಂದ ಅವಳ ತವರಿನವರು ಮಾತಾಡಿಸಲು ಬಂದ ದಿನ ನಡುಮನೆಯ ತುಂಬ ಜನ. ದೊಡ್ಡಮುನಿಯಪ್ಪ ಅವಳ ಅಪ್ಪನ ಕೈ ಹಿಡಿದುಕೊಂಡು, "ಮಗಳನ್ನ ಬೆಳ್ಸಿದ್ರೆ ಇಂಗೆ ಬೆಳಸ್ಬೇಕು ಕಣಯ್ಯ. ನೀರ ಮ್ಯಾಲೂ ಮಾವನ ಮರ್ವಾದೆ ಬಿಡ್ನಿಲ್ಲ" ಎಂದ. ಅಪ್ಪ ಕಣ್ಣೊರೆಸಿಕೊಂಡ. ಆ ಅಳುವಿನೊಳಗೆ ಚೂರು ಹೆಮ್ಮೆಯೂ ಇದ್ದದ್ದನ್ನು ದ್ರೌಪದಮ್ಮ ಕಂಡಳು. ಮಗು ಸತ್ತದ್ದಕ್ಕೆ ಈ ಜನ ತನಗೆ ಬಿರುದು ಕೊಡುತ್ತಿದ್ದಾರೆ!

ಅಷ್ಟರಲ್ಲಿ ಜಗಲಿಯ ಕಡೆಯಿಂದ ಕೆಮ್ಮು ಕೇಳಿಸಿತು. ಚಿಕ್ಕಬೈರಪ್ಪನವರು ಒಳಗೆ ಬಂದರು. ಹೆಂಗಸರು ಎದ್ದರು, ಅವರನ್ನು ಕಂಡು ಬೀಗರ ಕಡೆಯ ಗಂಡಸರೂ ಎದ್ದರು. ದ್ರೌಪದಮ್ಮ ಕಂಬಕ್ಕೆ ಒರಗಿ ಕೂತೇ ಇದ್ದಳು. ಅತ್ತೆ ಅವಳ ಭುಜ ಹಿಡಿದು ಅಲುಗಿಸಿದಳು. "ಏಳೇ." ಅವಳ ಅಪ್ಪನೂ ಗಾಬರಿಯಿಂದ, "ಏಳವ್ವ, ಮಾವ ಬಂದವ್ರೆ" ಎಂದ.

ಮಾವ ಕೈಯೆತ್ತಿ ತಡೆದರು. ನಾಲ್ಕು ಜನ ನೋಡುತ್ತಿದ್ದಾರೆಂಬುದು ಅವರಿಗೆ ಗೊತ್ತಿತ್ತು. ದನಿಯನ್ನು ಮೆತ್ತಗೆ ಮಾಡಿಕೊಂಡು, "ಇರ್ಲಿ ಬಿಡ್ರಿ, ನೊಂದವ್ಳೆ. ನೀನು ಏಳಬ್ಯಾಡ ಕಣಮ್ಮ, ಕುಂತ್ಕ" ಎಂದರು.

ಎಂಥ ದೊಡ್ಡ ಮನಸ್ಸು ಎಂದು ಯಾರೋ ಪಿಸುಗುಟ್ಟಿದರು. ಮದುವೆಯಾಗಿ ಬಂದಂದಿನಿಂದ ಮಾವ ಅವಳಿಗೆ ಕೂತುಕೋ ಎಂದದ್ದು ಅದೇ ಮೊದಲು. ಎಷ್ಟು ಸುಲಭವಾಗಿ ಹೇಳಿಬಿಟ್ಟರಲ್ಲ! ಅದಕ್ಕಾಗಿ ಅವರ ಪೇಟ ಜಾರಲಿಲ್ಲ, ಊರು ಮುಳುಗಲಿಲ್ಲ.

ದ್ರೌಪದಮ್ಮ ತಲೆಯೆತ್ತಿ ಅವರ ಮುಖವನ್ನೇ ನೋಡಿದಳು. ಅದನ್ನೂ ಅವಳು ಹಿಂದೆಂದೂ ಮಾಡಿರಲಿಲ್ಲ.

"ಈ ಮಾತು ನಿಮ್ಮ ಬಾಯಾಗೆ ಇತ್ತಾ ಮಾವ?" ಎಂದು ಕೇಳಿದಳು. "ಅವತ್ತು ಯಾಕೆ ಅನ್ನಲಿಲ್ಲ?"

ಅವರು ಉತ್ತರಕ್ಕಾಗಿ ಹೆಂಡತಿಯ ಕಡೆ ನೋಡಿದರು, ಮಗನ ಕಡೆ ನೋಡಿದರು. ಮಗು ಹೋದ ಸಂಕಟಕ್ಕೆ ಬುದ್ಧಿ ಕೆಟ್ಟಿದೆ, ಯಾರಾದರೂ ಬಲ್ಲವರ ಹತ್ತಿರ ಯಂತ್ರ ಕಟ್ಟಿಸಬೇಕು ಎಂದು ದೊಡ್ಡಮುನಿಯಪ್ಪ ಗೊಣಗಿದ. ಆ ಮನೆಯಲ್ಲಿ ಹುಚ್ಚಿಯಾದವಳಿಗೆ ಮಾತ್ರ ಕೂರುವ ಹಕ್ಕು ಎಂದು ಅವಳಿಗೆ ಅರ್ಥವಾಯಿತು. ಹಾಗೇ ಆಗಲಿ ಎಂದುಕೊಂಡು ಕಾಲು ಚಾಚಿ ಕೂತಳು. ಮಾವ ಕೂರಲೂ ಆಗದೆ ಹೋಗಲೂ ಆಗದೆ ಅಲ್ಲೇ ನಿಂತಿದ್ದರು. ಅವರು ಕೂರದೆ ಉಳಿದವರು ಕೂರುವಂತಿರಲಿಲ್ಲ.